ನಡೆದು ಬಂದ ಮೇಲಿನ ಅರ್ಧ ಗಂಟೆ

ಪಟ್ಟಂನ ಕ್ಲಿನಿಕ್ಕಿನಲ್ಲಿ ಡಾಕ್ಟರು ನನ್ನ ತೋಳಿನಿಂದ ರಕ್ತದೊತ್ತಡದ ಪಟ್ಟಿ ಬಿಚ್ಚಿ, ನೂರ ಅರವತ್ತೆಂಟು, ನೂರ ಎರಡು ಎಂದು ಬರೆದುಕೊಂಡರು. ಮಾತ್ರೆ ಕೊಟ್ಟರು. ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ ನಡೆಯಬೇಕು, ಎರಡು ವಾರ ಮನೆಯಲ್ಲೇ ಅಳೆದು ಬರೆದು ತರಬೇಕು ಎಂದರು. ಅವರು ಇನ್ನೂ ಏನೋ ಹೇಳುತ್ತಿದ್ದರು. ನನ್ನ ಕಿವಿಯಲ್ಲಿ ಆ ಎರಡು ಸಂಖ್ಯೆಗಳೇ ಇದ್ದವು. ಕೈ ಮಾತ್ರ ಅಭ್ಯಾಸದಂತೆ ಟಿಪ್ಪಣಿ ಪುಸ್ತಕದಲ್ಲಿ ಬರೆಯಿತು: ನಡಿಗೆ. ಅಳತೆ. ದಾಖಲೆ.

ಕಾಸರಗೋಡಿನಿಂದ ಬಂದು ಇಲ್ಲಿ ಮಲಯಾಳ ನಾಡಿನ ರಾಜಧಾನಿಯಲ್ಲಿ ಕನ್ನಡ ಪತ್ರಿಕೆಯೊಂದಕ್ಕೆ ಮೂವತ್ತು ವರ್ಷ ವರದಿ ಮಾಡಿದವನು ನಾನು. ಯಾರು ಎಷ್ಟೇ ಮಾತಾಡಲಿ, ಮೂರು ಪದಕ್ಕೆ ಇಳಿಸುವುದು ನನ್ನ ಕಸುಬಾಗಿತ್ತು.

ಹೆದರಿಕೆಗೆ ಕಾರಣವಿತ್ತು. ಇಲ್ಲಿಗೆ ಬರುವ ಮೊದಲು ಪತ್ರಿಕೆಯ ಮಂಗಳೂರಿನ ಡೆಸ್ಕಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿದ್ದ ಹಿರಿಯರು ಒಂದು ಸಂಜೆ ಸುದ್ದಿಯೊಂದನ್ನು ಗಟ್ಟಿಯಾಗಿ ಓದುತ್ತಾ ‘ಸೋಮವಾರ’ ಎಂಬ ಪದದ ಎದುರು ನಿಂತುಬಿಟ್ಟರು. ಬೆರಳು ಪದದ ಮೇಲೆಯೇ ಇತ್ತು. ಬಾಯಿ ಒಂದು ಬದಿಗೆ ಜಾರಿತು. ಆಮೇಲೆ ಎಂಟು ವರ್ಷ ಬದುಕಿದರು. ಅನ್ನಕ್ಕೂ ‘ಅದು’, ಮಗನಿಗೂ ‘ಅದು’. ಅವರಿಗೂ ರಕ್ತದೊತ್ತಡವೇ ಇತ್ತು.

ಕ್ಲಿನಿಕ್ಕಿನಿಂದ ಬಂದ ಮರುದಿನದಿಂದ ನಾನು ಬೆಳಿಗ್ಗೆ ಎದ್ದ ಕೂಡಲೇ ಪತ್ರಿಕೆಯ ಒಂದು ಪ್ಯಾರಾ ಗಟ್ಟಿಯಾಗಿ ಓದತೊಡಗಿದೆ. ಪದಗಳು ಬರುತ್ತವೆಯೇ ಎಂದು ನೋಡಲು. ಕಾನೂನು ಇಲಾಖೆಯಲ್ಲಿ ಕೆಲಸಕ್ಕಿರುವ ಹೆಂಡತಿ ಅಡುಗೆಮನೆಯಿಂದಲೇ, “ನಿಮ್ಮ ವಾರ್ತೆ ಮುಗಿದ್ರೆ ತಿಂಡಿಗೆ ಬನ್ನಿ ಮಾರಾಯ್ರೆ” ಎನ್ನುತ್ತಿದ್ದಳು. ಅವಳಿಗೆ ಕಾರಣ ಹೇಳಿರಲಿಲ್ಲ.

ಅವಳು ಬಸ್ಸು ಹಿಡಿದ ಮೇಲೆ ನಾನು ದಿನದ ಮೊದಲ ನಡಿಗೆಗೆ ಹೊರಡುತ್ತಿದ್ದೆ. ಫ್ಲ್ಯಾಟಿನ ಗೇಟಿನಿಂದ ಶಾಲೆಯ ಗೋಡೆಯವರೆಗೆ, ಅಲ್ಲಿಂದ ವಾಪಸು. ಬಂದವನು ಚಪ್ಪಲಿಯನ್ನೂ ಬಿಡದೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತು, ಹೊಸದಾಗಿ ಕೊಂಡ ರಕ್ತದೊತ್ತಡದ ಯಂತ್ರ ಒತ್ತುತ್ತಿದ್ದೆ. ಘಟನೆ ನಡೆದ ಜಾಗದಿಂದಲೇ ಸುದ್ದಿ ಕಳಿಸಬೇಕು, ತಣ್ಣಗಾಗಲು ಬಿಡಬಾರದು. ನೂರ ಎಪ್ಪತ್ತೆರಡು. ಮರುದಿನ ನೂರ ಎಪ್ಪತ್ತಾರು. ಆರನೆಯ ದಿನ ನೂರ ಎಂಬತ್ತು.

ನಡೆದರೆ ಇಳಿಯುತ್ತದೆ ಎಂದಿದ್ದರು. ನನಗೆ ಏರುತ್ತಿತ್ತು. ಹತ್ತು ನಿಮಿಷವನ್ನು ಐದಕ್ಕೆ ಇಳಿಸಿದೆ. ಶಾಲೆಯ ಗೋಡೆ ತಲುಪುವ ಮೊದಲೇ ನಿಂತು ಕುತ್ತಿಗೆಯ ನಾಡಿ ಮುಟ್ಟಿ ನೋಡುತ್ತಿದ್ದೆ. ಆಟೋದವನೊಬ್ಬ ದಿನವೂ, “ಎಂತಾ ಸಾರೇ, ಕೇರುನ್ನೋ?” ಎಂದು ಹತ್ತಲು ಕರೆಯುತ್ತಿದ್ದ. ಬೇಡವೆನ್ನಲು ಬಾಯಿ ತೆರೆಯುವಾಗ, ಪದ ಬರದಿದ್ದರೆ ಎಂಬ ಭಯದಿಂದ ಕೈ ಮಾತ್ರ ಆಡಿಸುತ್ತಿದ್ದೆ.

ಹನ್ನೆರಡನೆಯ ದಿನ ಶನಿವಾರ. ಕಾಕ್ಕನಾಡಿನಲ್ಲಿ ಐಟಿ ಕೆಲಸದಲ್ಲಿರುವ ಮಗಳ ಫ್ಲ್ಯಾಟಿಗೆ ನಾನೂ ಹೆಂಡತಿಯೂ ರೈಲು ಹಿಡಿದು ಹೋದೆವು. ಯಂತ್ರ ನನ್ನ ಚೀಲದಲ್ಲಿತ್ತು. ಸಂಜೆ ಕಾಂಪೌಂಡಿನೊಳಗೆ ಐದು ನಿಮಿಷ ನಡೆದು ಬಂದು, ಬಾಗಿಲ ಬಳಿಯೇ ಪಟ್ಟಿ ಸುತ್ತುತ್ತಿದ್ದಾಗ ಮಗಳು ನೋಡಿದಳು.

“ಎಂತ ಅಪ್ಪ ಇದು? ಓಡಿ ಬಂದ ಹಾಗೆ ಏದುಸಿರು ಬಿಡ್ತಾ ಇದ್ದೀರಿ. ಈಗಲೇ ನೋಡುದಾ?”

“ಡಾಕ್ಟ್ರು ಹೇಳಿದ್ದೇ ಹಾಗೆ.”

“ಸರಿಯಾಗಿ ಏನು ಹೇಳಿದ್ರು?”

ಟಿಪ್ಪಣಿ ಪುಸ್ತಕ ತೋರಿಸಿದೆ. ಅವಳು ಮೂರು ಪದ ಓದಿ ನನ್ನನ್ನೇ ನೋಡಿದಳು. “ಇಷ್ಟೇಯಾ? ನಮ್ಮ ಆಫೀಸಿನ ಹೆಲ್ತ್ ಕ್ಯಾಂಪಲ್ಲಿ ಮೆಟ್ಟಿಲು ಹತ್ತಿ ಬಂದವರನ್ನು ಅರ್ಧ ಗಂಟೆ ಕೂರಿಸಿದ್ರು. ನಡೆದ ಕೂಡಲೇ ಯಾರಿಗಾದ್ರೂ ಏರ್ತದೆ.”

ಆಗ ಡಾಕ್ಟರ ವಾಕ್ಯ ಇಡಿಯಾಗಿ ನೆನಪಾಯಿತು. ನಡೆದು ಬಂದು ಅರ್ಧ ಗಂಟೆ ಬಿಡಿ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಮಾತಾಡದೆ ಕೂತು ಅಳೆಯಿರಿ. ನಡಿಗೆ, ಅಳತೆ ಎಂಬ ಎರಡು ಪದಗಳ ನಡುವೆ ನಾನು ಕತ್ತರಿಸಿ ಎಸೆದ ಭಾಗವೇ ಅದು. ಹನ್ನೆರಡು ದಿನದ ದಾಖಲೆಯಲ್ಲಿ ಒಂದು ಸಾಲೂ ಬಳಕೆಗೆ ಬರುವಂತಿರಲಿಲ್ಲ.

ಹೆಂಡತಿ ಪುಟ ತಿರುವಿದಳು. ನಗಲಿಲ್ಲ. ಮಂಗಳೂರಿನ ಆ ಹಿರಿಯರ ಕತೆ ಅವಳಿಗೆ ಗೊತ್ತಿತ್ತು. “ಬೆಳಿಗ್ಗೆ ಗಟ್ಟಿಯಾಗಿ ಓದುದು ಇದಕ್ಕಾ?” ಎಂದು ಮಾತ್ರ ಕೇಳಿದಳು. ಹೌದೆಂದು ತಲೆಯಾಡಿಸಿದೆ.

ಅರ್ಧ ಗಂಟೆ ಕಳೆದ ಮೇಲೆ ಸೋಫಾದಲ್ಲಿ ಕೂರಿಸಿದರು. ಮಲಯಾಳವನ್ನೇ ಆಡುವ ಏಳು ವರ್ಷದ ಮೊಮ್ಮಗಳಿಗೆ ಗಡಿಯಾರ ನೋಡುವ ಕೆಲಸ. ನಾನು ಬಾಯಿ ತೆರೆದರೆ, “ಅಜ್ಜಾ, ಮಿಂಡಾದೆ ಇರಿಕ್ಕ್!” ಎಂದು ಗದರುತ್ತಿದ್ದಳು. ಮಾತಾಡದೆ ಕೂರು ಎಂಬ ಆಜ್ಞೆ. ಆ ಐದು ನಿಮಿಷದಲ್ಲಿ ಪದಗಳನ್ನು ಗಟ್ಟಿಯಾಗಿ ಹೇಳಿ ನೋಡುವಂತಿರಲಿಲ್ಲ. ಸೋಮವಾರ, ಮಂಗಳವಾರ ಎಂದು ಒಳಗೇ ಎಣಿಸಿದೆ. ಒಳಗೆ ಇರುವುದೆಲ್ಲ ಹೊರಗೆ ಬರುತ್ತದೆಂದು ಹೇಗೆ ನಂಬುವುದು? ಪಕ್ಕದ ಕುರ್ಚಿಯವರ ಒಳಗೂ ಆ ಪದ ಇದ್ದಿರಬಹುದು.

ಪಟ್ಟಿ ಬಿಗಿದು ಸಡಿಲವಾಯಿತು.

“ಎತ್ರಯಾ?” ಎಷ್ಟೆಂದು ಮೊಮ್ಮಗಳು ಕೇಳಿದಳು.

ಒಂದು ಕ್ಷಣ ಬಾಯಿ ಏಳಲಿಲ್ಲ. ಆಮೇಲೆ ಹೇಳಿದೆ: “ನೂರ ನಲವತ್ತಾರು. ತೊಂಬತ್ತು.”

ಕನ್ನಡದ ಸಂಖ್ಯೆ ಅವಳಿಗೆ ಅರ್ಥವಾಗಲಿಲ್ಲ. ಪರದೆಗೆ ಮೂಗು ತಾಗಿಸಿ ತಾನೇ ಓದಿಕೊಂಡಳು, ಇಂಗ್ಲಿಷಿನಲ್ಲಿ. ನಾನು ಹೇಳಿದ್ದಕ್ಕೆ ಹೊಂದಿತು.

ಇದೂ ಹೆಚ್ಚೇ. ಐದೇ ನಿಮಿಷದ ನಡಿಗೆಯಿಂದ ಎಷ್ಟು ಇಳಿದಿದೆ, ಮಾತ್ರೆಯಿಂದ ಎಷ್ಟು, ನನಗೆ ಗೊತ್ತಿಲ್ಲ. ಹಳೆಯ ಪುಟಗಳ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ತಿದ್ದುಪಡಿ ಎಂದು ಬರೆದು, ಡಾಕ್ಟರ ವಾಕ್ಯವನ್ನು ಒಂದು ಪದವನ್ನೂ ಬಿಡದೆ ಇಳಿಸಿದೆ. ಮರುದಿನ ಬೆಳಿಗ್ಗೆ ಪೂರ್ತಿ ಹತ್ತು ನಿಮಿಷ ನಡೆದೆ. ಹೆಂಡತಿ ಜೊತೆಗಿದ್ದಳು. ದಾರಿಯುದ್ದಕ್ಕೂ ನನ್ನನ್ನು ಮಾತಾಡಿಸುತ್ತಲೇ ಇದ್ದಳು.