ಕಡಲ ಬಸವನಹುಳುಗಳಿಗೆ ಬಡಿಸಿದ ರೊಟ್ಟಿ

೧೯೮೯ರಲ್ಲಿ, ಏಳನೆಯ ಇಯತ್ತೆ ಮುಗಿಯುವ ಮೊದಲೇ ನಾನು ಮೇಲವಂಕಿಯ ಸಾಲೆ ಬಿಟ್ಟೆ. ಮೂಡಲಗಿಯಲ್ಲಿ ಬೆಲ್ಲದ ಪೆಂಟೆ ಹೊತ್ತೆ, ಮಂದಿಯ ಕಬ್ಬು ಕಡಿದೆ, ಆಮೇಲೆ ಸ್ವಂತ ಹೊಲ ಮಾಡಿದೆ. ಯಾರ ಮುಂದೆಯೂ ಕೈ ಚಾಚಿದವನಲ್ಲ. ಚಾಚಿದ್ದು ಒಮ್ಮೆ ಮಾತ್ರ, ಅದೂ ಒಂದು ಸತ್ತ ಮೀನಿಗಾಗಿ.

ನನ್ನ ಹೆಂಡತಿ ಬೆಲ್ಲದ ಬಾಗೇವಾಡಿಯವಳು. ಅವಳ ತವರಿನಲ್ಲಿ ಒಂದು ಪದ್ಧತಿ ಉಂಟು. ತಾವು ಉಣ್ಣುವ ಮೊದಲು ಒಂದು ಜೀವಕ್ಕೆ ಉಣ್ಣಿಸಬೇಕು. ಇರುವೆಯಾದರೂ ಸರಿ, ಕಾಗೆಯಾದರೂ ಸರಿ. ಆದರೆ ಯಾರನ್ನು ಬಾಯಿಬಿಟ್ಟು ಊಟಕ್ಕೆ ಕರೆದೆವೋ ಅವರು ಉಂಡ ಮೇಲೆಯೇ ನಮ್ಮ ತುತ್ತು.

ಹೋದ ಚಳಿಗಾಲದಲ್ಲಿ ಕಾರ್ಖಾನೆಗೆ ಕಬ್ಬು ಕಳಿಸಿ ಮುಗಿದ ಮೇಲೆ ಆಕೆಗೆ ಸಮುದ್ರ ತೋರಿಸಲು ಗೋಕಾಕಿನಿಂದ ಬಸ್ ಹತ್ತಿ ಕಾರವಾರಕ್ಕೆ ಹೋದೆವು. ಆಕೆಗೆ ಸಕ್ಕರೆ ರೋಗ. ಬೆಳಿಗ್ಗೆ ಸೂಜಿ ಚುಚ್ಚಿಕೊಂಡರೆ ಅರ್ಧ ಗಂಟೆಯೊಳಗೆ ಉಣ್ಣಲೇಬೇಕು, ಇಲ್ಲವಾದರೆ ಕೈ ನಡುಗಿ ಕಣ್ಣು ಕತ್ತಲಾಗುತ್ತದೆ. ಅಂದು ಲಾಡ್ಜಿನಲ್ಲಿ ಸೂಜಿ ಚುಚ್ಚಿಕೊಂಡು, ರೊಟ್ಟಿ ಬುತ್ತಿ ಹಿಡಿದು ನೇರ ಮರಳಿಗೆ ಬಂದಳು.

ಅಲೆ ಹಿಂದೆ ಸರಿದಲ್ಲಿ ಬೆರಳ ತುದಿಯಷ್ಟು ದೊಡ್ಡ, ಚೂಪು ಚಿಪ್ಪಿನ ಬಸವನಹುಳುಗಳು ಹರಿದಾಡುತ್ತಿದ್ದವು. ನೋಡಿದ್ದೇ ತಡ, ಆಕೆ ಕುಕ್ಕರಗಾಲಿನಲ್ಲಿ ಕುಳಿತು ರೊಟ್ಟಿ ಮುರಿದು, ಮೇಲಷ್ಟು ಶೇಂಗಾ ಹಿಂಡಿಯ ಚಟ್ನಿಪುಡಿ ಉದುರಿಸಿ, "ಬರ್ರೆಪಾ, ಉಣ್ಣಾಕ ಬರ್ರಿ" ಎಂದಳು.

ಹುಳುಗಳು ರೊಟ್ಟಿಯನ್ನು ಬಳಸಿಕೊಂಡು ಹೋಗಿ ಮರಳೊಳಗೆ ಇಳಿದುಬಿಟ್ಟವು.

"ನಾಚಿಗಿ ಅವಕ್ಕ" ಎಂದಳು. ಇನ್ನೊಂದು ಚೂರು ಇಟ್ಟಳು. ಒಂದು ನಾಯಿ ಬಂತು. "ಏ, ಸರಿ ಅತ್ಲಾಗ! ಅವರ ಪಾಲು ಅದು" ಎಂದು ಅದನ್ನು ಓಡಿಸಿದಳು.

"ನಾಯೀನೂ ಜೀವ ಅಲ್ಲೇನ? ಅದಕ್ಕ ಹಾಕಿ ನೀ ಉಣ್ಣು" ಎಂದೆ.

"ಕರದದ್ದು ಇವ್ರನ್ನ. ನಾಯಿ ತಾನ ಬಂದೈತಿ."

"ನಮ್ಮ ಹೊಲದಾಗಿನ ಹುಳ ಆಗಿದ್ರ ತಿಂತಿದ್ವು. ಇವು ಸಮುದ್ರದ್ದು, ಇವಕ್ಕ ಏನ್ ಬೇಕೋ ಏನೋ!"

"ಅದನ್ನ ಕೇಳ್ಕೊಂಡ್ ಬರ್ರಿ ಮತ್ತ."

ಅವಳ ಮೇಲ್ದುಟಿಯ ಮೇಲೆ ಬೆವರು ಮೂಡಿತ್ತು. ರೊಟ್ಟಿ ಹಿಡಿದ ಬೆರಳು ಸಣ್ಣಗೆ ನಡುಗುತ್ತಿತ್ತು. ಕಿಸೆಯಲ್ಲಿದ್ದ ಬೆಲ್ಲದ ಚೂರು ಕೊಟ್ಟೆ. "ಬೆಲ್ಲಾನೂ ತುತ್ತ ಅಲ್ಲೇನ್ರಿ?" ಎಂದು ಮುಖ ತಿರುಗಿಸಿದಳು. ಇವಳ ಹಟ ನನಗೆ ಗೊತ್ತು, ಬೀಳುತ್ತಾಳೆಯೇ ಹೊರತು ಬಾಯಿ ತೆರೆಯುವುದಿಲ್ಲ.

ಸ್ವಲ್ಪ ದೂರದಲ್ಲಿ ಮೀನುಗಾರರು ಬಲೆ ಎಳೆಯುತ್ತಿದ್ದರು. ಓಡಿದೆ. ಅವರಲ್ಲಿ ಹಿರಿಯನೊಬ್ಬನಿಗೆ ಸಂಗತಿ ಹೇಳಿದೆ.

"ಅವು ರೊಟ್ಟಿ ತಿನ್ನೂದಿಲ್ಲ ಮಾರಾಯ್ರೆ" ಎಂದು ಆತ ನಕ್ಕ. "ಸತ್ತದ್ದು ಬೇಕು ಅವಕ್ಕೆ. ಕೊಳೆತಷ್ಟೂ ಖುಷಿ."

"ಹಂಗಾದ್ರ ಒಂದ ಮೀನ ಕೊಡ್ರಿ."

ಎಳೆಯುವವರೆಲ್ಲ ಕೈ ನಿಲ್ಲಿಸಿದರು. "ಹಣೆ ಮೇಲೆ ವಿಭೂತಿ, ಕೈಲಿ ಬಂಗಡೆ!" ಎಂದು ಒಬ್ಬ ಕೂಗಿದ. ನಮ್ಮ ಮನೆಯಲ್ಲಿ ಏಳು ತಲೆಮಾರಿನಿಂದ ಯಾರೂ ಮುಟ್ಟದ್ದನ್ನು, ಹಿಂದಿನ ದಿನದಿಂದ ಮರಳಲ್ಲಿ ಬಿದ್ದು ನಾರುತ್ತಿದ್ದ, ಹಿರಿಯ ಬೊಟ್ಟುಮಾಡಿ ತೋರಿಸಿದ ಮೀನನ್ನು, ಬಾಲ ಹಿಡಿದು ತಂದೆ. ಮೂಗು ಮುಚ್ಚಿಕೊಳ್ಳಲು ಇನ್ನೊಂದು ಕೈ ಇದ್ದರೂ ನೆನಪಾಗಲಿಲ್ಲ.

ನೀರಿನಂಚಿನಲ್ಲಿ ಇಟ್ಟೆ. ಒಂದು ಅಲೆ ಅದರ ಮೇಲೆ ಹಾದು ಹೋಯಿತು. ಅಷ್ಟೇ! ಎಲ್ಲೆಲ್ಲಿಂದಲೋ ಮರಳು ಉಬ್ಬಿ ಹುಳುಗಳು ಎದ್ದವು. ಮುಂದೆ ಒಂದು ಸಣ್ಣ ಕೊಳವೆಯನ್ನು ಎತ್ತಿ ಆ ಕಡೆ ಈ ಕಡೆ ಆಡಿಸುತ್ತಾ ವಾಸನೆ ಹಿಡಿದು ಬಂದವು. ಕೆಲವು ತಾವು ತೆವಳುವ ಅಂಗಾಲನ್ನು ಅರಿವೆಯಂತೆ ಅಗಲಿಸಿ, ಅಲೆಯ ಮೇಲೆಯೇ ಜಾರಿಕೊಂಡು ಬಂದು ಇಳಿದವು. ಮೀನನ್ನು ಸುತ್ತುವರಿದು, ಬಾಯಿಂದ ಸೊಂಡಿಲಿನಂಥದ್ದನ್ನು ಹೊರಚಾಚಿ ಅದರ ಹೊಟ್ಟೆಯೊಳಗೆ ತೂರಿಸಿ ಉಣ್ಣತೊಡಗಿದವು. ಒಂದರ ಮೇಲೊಂದು ಏರಿದ್ದರೂ ಜಗಳ ಕಾಣಲಿಲ್ಲ, ಪಂಕ್ತಿಯಲ್ಲಿ ಕುಳಿತಂತೆಯೇ ಇತ್ತು.

ಆಕೆ ಬಗ್ಗಿ ನೋಡಿದಳು. "ಅಯ್ಯ ಶಿವನ, ಎಷ್ಟ ಹಸಿದಿದ್ವು ನೋಡ್ರಿ" ಎಂದಳು. ಆಮೇಲೆ ಹುಬ್ಬು ಗಂಟಿಕ್ಕಿದಳು. "ಆದ್ರ ಬಡಿಸಿದಾವ್ರು ನೀವು. ಕರದಾಕಿ ನಾನು."

"ನೀ ಬ್ಯಾರೆ, ನಾ ಬ್ಯಾರೆ ಏನ? ಒಂದ ಮನಿ ಅಲ್ಲ ನಮ್ದು?" ಎಂದು ಗದರಿದೆ. ಗದರುವಾಗ ಧ್ವನಿ ಒಡೆಯಿತು.

ನನ್ನ ಮುಖವನ್ನೇ ನೋಡಿದಳು. "ಹಂಗಾದ್ರ ಆತು ಬಿಡ್ರಿ" ಎಂದು ರೊಟ್ಟಿ ಬಾಯಿಗಿಟ್ಟುಕೊಂಡಳು.

ಅರ್ಧ ರೊಟ್ಟಿ ಹೊಟ್ಟೆಗೆ ಬಿದ್ದು ಸ್ವಲ್ಪ ಹೊತ್ತಾದ ಮೇಲೆ ಕೈ ನಡುಕ ನಿಂತಿತು. ನಾನು ಬುತ್ತಿಗೆ ಕೈ ಹಾಕಲು ಹೋದೆ. "ದೂರ ಇರ್ರಿ, ಮೀನ ಹಿಡದ ಕೈ" ಎಂದು ಬುತ್ತಿಯನ್ನು ಸರಿಸಿಕೊಂಡಳು. ಆಮೇಲೆ ತುತ್ತು ಮಾಡಿ ತಾನೇ ನನ್ನ ಬಾಯಿಗಿಟ್ಟಳು. ಮೀನುಗಾರರು ನೋಡುತ್ತಿದ್ದರು. ನೋಡಲಿ ಎಂದು ಇನ್ನೊಂದು ತುತ್ತಿಗೂ ಬಾಯಿ ತೆರೆದೆ.

ಈಗ ನನಗೆ ನಾಲ್ಕು ಎಕರೆ ಕಬ್ಬು, ಎರಡು ಎತ್ತು, ಮೂರು ಎಮ್ಮೆ, ಒಂದು ಮನೆ, ಒಬ್ಬಳು ಹೆಂಡತಿ.