ಮಂಗಳ ಹಾಡದ ನಾಟಕ

ಗುರುಶಾಂತಪ್ಪನ ದುರಂತ ನಾಟಕಗಳ ಮೇಲೆ ಗ್ರೀಕರ ಪ್ರಭಾವವಿದೆ ಎಂದು ಎಂಬತ್ತರ ದಶಕದಲ್ಲಿ ಜಯನಗರದ ಸಭೆಯೊಂದರಲ್ಲಿ ಪಂಡಿತರೊಬ್ಬರು ಅಪ್ಪಣೆ ಕೊಡಿಸಿದರು. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಗುರುಶಾಂತಪ್ಪನಿಗೆ ಮೈಯೆಲ್ಲ ಉರಿಯಿತು. ಗ್ರೀಕರಂತೆ! ಬೊಮ್ಮನಹಳ್ಳಿಯ ಕಾರ್ಖಾನೆಯಲ್ಲಿ ಗುಮಾಸ್ತಿಕೆ ಮಾಡಿದವನಿಗೆ ಗ್ರೀಕರ ಗಾಳಿ ಬಡಿದದ್ದು ಯಾವಾಗ? ಅವನಿಗೆ ಬಡಿದದ್ದು ಎಪ್ಪತ್ತೈದರ ತುರ್ತು ಪರಿಸ್ಥಿತಿ.

ಅದಕ್ಕೂ ಮೊದಲು ಅವನು ಕಾರ್ಖಾನೆಯ ಗಣೇಶೋತ್ಸವಕ್ಕೆ ವರ್ಷಕ್ಕೊಂದು ರಾಜರಾಣಿಯರ ನಾಟಕ ಬರೆಯುತ್ತಿದ್ದ. ಕೊನೆಗೆ ಎಲ್ಲರಿಗೂ ಸುಖ. ಅಪ್ಪಿತಪ್ಪಿ ಯಾರಾದರೂ ಸತ್ತರೂ, ಹಾರ್ಮೋನಿಯಂ ಶಂಭುಲಿಂಗಪ್ಪ ಮಂಗಳದ ಶ್ರುತಿ ಹಿಡಿದ ಕೂಡಲೇ ಎದ್ದು, ದೂಳು ಕೊಡವಿಕೊಂಡು, ಎಲ್ಲರ ಜೊತೆ ಕೈಮುಗಿದು ಹಾಡಬೇಕು. ಹೆಣವನ್ನು ರಂಗದ ಮೇಲೆ ಬಿಟ್ಟು ಪರದೆ ಇಳಿಸಿದರೆ ನಾಟಕದವರ ಮನೆಗೆ ಕೇಡು ಎಂಬ ನಂಬಿಕೆ. ರಾಜನ ಪಾತ್ರ ಯಾವಾಗಲೂ ಸಾರಕ್ಕಿಯ ಪಿಳ್ಳಣ್ಣನದು. ಲೇತ್ ಮೆಷಿನ್ನಿನ ಮುಂದೆ ದುಡಿಯುವ ಆಳು. ಎದೆಯೂ ದೊಡ್ಡದು, ಬಾಯೂ ದೊಡ್ಡದು.

ಆ ಬಾಯೇ ಅವನಿಗೆ ಮುಳುವಾಯಿತು. ಕಾರ್ಖಾನೆಯ ಗೇಟಿನಲ್ಲಿ ನಿಂತು ಸರ್ಕಾರವನ್ನು ಬೈದನೆಂದು ಪೊಲೀಸರು ಎಳೆದುಕೊಂಡು ಹೋದರು. ತಿಂಗಳೊಳಗೆ, ಹೃದಯ ನಿಂತು ಸತ್ತ ಎಂದರು. ಎತ್ತಿನಂಥ ಆಳಿಗೆ ಹೃದಯ ನಿಂತಿತಂತೆ! ಹೆಣವನ್ನೂ ಕೊಡದೆ ತಾವೇ ಸುಟ್ಟು, ಹೆಂಡತಿ ಮುನಿಯಕ್ಕನ ಕೈಗೆ ಅವನ ಚಪ್ಪಲಿ ಕೊಟ್ಟು ಕಳಿಸಿದರು. ಗದ್ದಲ ಮಾಡಿದರೆ ಮೈದುನನನ್ನೂ ಒಳಗೆ ಹಾಕುತ್ತೇವೆ ಎಂದು ಹೆದರಿಸಿದ್ದರಿಂದ ಅವಳು ಗಟ್ಟಿಯಾಗಿ ಅಳಲೂ ಇಲ್ಲ.

ಮರುವರ್ಷ ಗುರುಶಾಂತಪ್ಪ ಸೆರೆಯಲ್ಲಿ ಸಾಯುವ ರಾಜನೊಬ್ಬನ ನಾಟಕ ಬರೆದ. ಠಾಣೆಯ ಒಪ್ಪಿಗೆ ಸಿಕ್ಕಿತು. ಹೇಗೂ ಕೊನೆಗೆ ಎಲ್ಲರೂ ಎದ್ದು ಮಂಗಳ ಹಾಡುತ್ತಾರಲ್ಲ ಎಂದು ಸಾಹೇಬರು ನಕ್ಕರಂತೆ. ರಾಜನ ವೇಷ ಗುರುಶಾಂತಪ್ಪನೇ ಹಾಕಿದ. ಸತ್ತ, ರೂಢಿಯಂತೆ ಎದ್ದ, ಹಾಡಿದ. ಜನ ಚಪ್ಪಾಳೆ ತಟ್ಟಿದರು. ಆಟ ಮುಗಿದ ಮೇಲೆ ಮುನಿಯಕ್ಕ ಪರದೆಯ ಹಿಂದೆ ಬಂದು ನಿಂತಳು.

“ನಿಮ್ ರಾಜ ಎದ್ದು ಬಂದ್ನಲ್ಲಣ್ಣ,” ಎಂದಳು. “ನಮ್ಮನೆಯವ್ರನ್ನೂ ಹಂಗೇ ಎಬ್ಬಿಸಿ ಕೊಡಿ.”

ಗುರುಶಾಂತಪ್ಪನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕೊಲೆಗಡುಕರು ಕೊಂದರು, ತಾನು ಅವರಿಗೆ ಮಂಗಳಾರತಿ ಎತ್ತಿದೆ ಎಂದು ಹಲ್ಲು ಕಡಿದ.

ಎಪ್ಪತ್ತೇಳರಲ್ಲಿ ತುರ್ತು ಪರಿಸ್ಥಿತಿ ಮುಗಿಯಿತು. ಅದೇ ನಾಟಕವನ್ನು ಮತ್ತೆ ಆಡಲು ಹೊರಟಾಗ, ಈ ಸಲ ರಾಜ ಏಳುವುದಿಲ್ಲ ಎಂದ. ಕೆಟ್ಟ ಕಾಲ ಕಳೆಯಿತು, ಈಗೇಕೆ ಅಪಶಕುನ ಎಂದು ಶಂಭುಲಿಂಗಪ್ಪ ಗೋಗರೆದ.

“ಯಾರಿಗೆ ಕಳೀತಯ್ಯ?” ಎಂದ ಗುರುಶಾಂತಪ್ಪ. “ಪಿಳ್ಳಣ್ಣನಿಗಾ?”

ಆಟದ ದಿನ ರಾಜ ಸತ್ತು ಬಿದ್ದ. ಶಂಭುಲಿಂಗಪ್ಪ ಭಯ ತಡೆಯಲಾರದೆ ಮಂಗಳ ಶುರುಮಾಡಿಯೇ ಬಿಟ್ಟ. ಉಳಿದವರೂ ದನಿಗೂಡಿಸಿದರು. ಗುರುಶಾಂತಪ್ಪ ಏಳಲಿಲ್ಲ. ಜನ ಏಳಯ್ಯ ಎಂದು ಕೂಗಿದರು, ಶಿಳ್ಳೆ ಹೊಡೆದರು. ಹಾಡು ತೊದಲಿ ನಿಂತುಹೋಯಿತು.

ಆಗ ಮುನಿಯಕ್ಕ ರಂಗ ಹತ್ತಿ ಬಂದಳು. ಅವನ ಪಕ್ಕದಲ್ಲಿ ಕುಕ್ಕರಿಸಿ, ಬದುಕಿದ್ದಾಗ ಒಮ್ಮೆಯೂ ಬಾಯಲ್ಲಿ ಆಡದಿದ್ದ ಗಂಡನ ಹೆಸರು ಹಿಡಿದು ಕೂಗಿ, ಎದೆ ಬಡಿದುಕೊಂಡು ಅಳತೊಡಗಿದಳು. ಶಿಳ್ಳೆ ಹೊಡೆದವರು ಎದ್ದು ನಿಂತರು. ಶಂಭುಲಿಂಗಪ್ಪ ಹಾರ್ಮೋನಿಯಂ ಮುಚ್ಚಿದ. ಅವಳ ಕಣ್ಣೀರು ಮುಖದ ಬಣ್ಣದ ಮೇಲೆ ಬೀಳುತ್ತಿದ್ದರೂ ಗುರುಶಾಂತಪ್ಪ ರೆಪ್ಪೆ ಅಲುಗಿಸಲಿಲ್ಲ. ಅವಳು ಅತ್ತು ಮುಗಿಸುವವರೆಗೂ ಪಿಳ್ಳಣ್ಣನ ಹೆಣವಾಗಿ ಮಲಗಿಯೇ ಇದ್ದ.