ರೆಕ್ಕೆಗೆ ದಾರಿ ಬಿಟ್ಟ ಕಬ್ಬಿನ ಮಂಟಪ

ನಮ್ಮ ಮನೆತನಕ್ಕೂ ಗಾಳಿಗೂ ಸಂಬಂಧ ಹಳೆಯದು. ವಾಯುದೇವರನ್ನು ಜೀವೋತ್ತಮನೆಂದು ನಂಬಿದ ಮಂದಿ ನಾವು. ಊಟಕ್ಕೆ ಕುಳಿತರೆ ಮೊದಲ ತುತ್ತು ಅವನ ಹೆಸರು ಹೇಳಿಕೊಂಡೇ ಒಳಗೆ ಹೋಗುತ್ತದೆ. ಆದರೆ ದಿನನಿತ್ಯದ ವ್ಯವಹಾರದಲ್ಲಿ ಆ ದೇವರ ಬಗ್ಗೆ ಮನೆಯಲ್ಲಿ ಕೇಳಿಬರುತ್ತಿದ್ದುದೆಲ್ಲ ದೂರುಗಳೇ. ದೀಪ ಆರಿಸಿದ, ಸಂಡಿಗೆಯ ಮೇಲೆ ಧೂಳು ತಂದ, ಒಮ್ಮೆ ಅಕ್ಕನ ಮಡಿ ಸೀರೆಯನ್ನು ಹಾರಿಸಿ ಎದುರುಮನೆಯ ಎಮ್ಮೆಗೆ ಹೊದಿಸಿದ. ಸವಣೂರಿನ ಕೋರ್ಟಿನಲ್ಲಿ ಆಯುಷ್ಯವೆಲ್ಲ ವಕೀಲಿ ಮಾಡಿದ ನಾನು ಆ ಎಮ್ಮೆಯ ಪ್ರಕರಣದಲ್ಲಿ ಗಾಳಿಯ ಪರವಾಗಿ ವಾದಿಸಲು ಹೋಗಿ ಮಧ್ಯಾಹ್ನದ ಚಹಾ ಕಳೆದುಕೊಂಡೆ.

ವಕೀಲಿ ಬಿಟ್ಟ ಮೇಲೆ ಚಿಕ್ಕೇರೂರಿನ ಆಚೆ ಇರುವ ನಮ್ಮ ಹಳ್ಳಿಗೆ ಬಂದೆ. ಮನೆಯಲ್ಲಿ ಅಕ್ಕನ ರಾಜ್ಯಭಾರ ಮೊದಲೇ ಸ್ಥಾಪನೆಯಾಗಿತ್ತು. ನನಗೆ ಪ್ರಜೆಯ ಸ್ಥಾನ ದೊರೆಯಿತು.

ಊರ ಹಿಂದಿನ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುತ್ತಾರೆಂಬ ಸುದ್ದಿ ಬಂದದ್ದು ಆ ವರ್ಷವೇ. ಭಾದ್ರಪದದಲ್ಲಿ ಒಬ್ಬ ಸೂಪರ್‌ವೈಸರ್ ಟೇಪು ಹಿಡಿದು ನಮ್ಮ ಬಾಗಿಲಿಗೆ ಬಂದ. ಹಾನಗಲ್ಲಿನವನು, ಮಾತಿನಲ್ಲಿ ಮೆದು. ಯಂತ್ರದ ರೆಕ್ಕೆ ಹೊತ್ತ ಲಾರಿ ನಮ್ಮ ಮನೆಯ ಮೂಲೆಯಲ್ಲೇ ಬಲಕ್ಕೆ ಹೊರಳಬೇಕು. ಲಾರಿಯ ತಲೆ ಬಲಕ್ಕೆ ಹೊರಳಿದರೆ ರೆಕ್ಕೆಯ ತುದಿ ಎಡಕ್ಕೆ ಬೀಸಿ ನಮ್ಮ ಅಂಗಳದ ಮೇಲಿಂದ ಹಾದುಹೋಗುತ್ತದೆ ಎಂದು ವಿನಯದಿಂದ ವಿವರಿಸಿದ. ಗೋಡೆ ಅಳೆದ, ತುಳಸಿ ಕಟ್ಟೆ ಅಳೆದ. ಎರಡೂ ಗಿಡ್ಡವಾಗಿದ್ದವು. ಅವನಿಗೆ ಸಮಾಧಾನವಾಯಿತು.

“ಅವ್ವಾರ, ಇಲ್ಲಿ ಮುಂದ ಏನರ ಬದಲಾಗೂದೈತೇನ್ರಿ?”

“ಏನೂ ಬದಲಾಗೂದಿಲ್ಲಪಾ. ನಮ್ಮ ಅಜ್ಜಿ ಕಾಲದಿಂದ ಹಿಂಗ ಅದ,” ಎಂದಳು ಅಕ್ಕ, ಅವನಿಗೆ ಅವಲಕ್ಕಿ ಕೊಡುತ್ತ.

ಅವಳು ಹೇಳಿದ್ದು ಸತ್ಯ. ಅವನು ನಂಬಿದ್ದು ಸರಿ. ಹೀಗೆ ಎರಡೂ ಕಡೆ ತಪ್ಪಿಲ್ಲದೆ ಒಂದು ದಾವೆ ಹುಟ್ಟಿಕೊಂಡಿತು.

ಕಾರ್ತೀಕ ಬಂತು. ಶಿಗ್ಗಾವಿಯಲ್ಲಿ ಒಂದು ಕೆಲಸ ಮುಗಿಸಿಕೊಂಡು ಬಸ್ಸಿನಲ್ಲಿ ಹೋಗುವಾಗ ಗೊಟಗೋಡಿಯ ಹೆದ್ದಾರಿ ಪಕ್ಕದಲ್ಲಿ ಬೆಳ್ಳಗಿನದೊಂದು ಮಲಗಿದ್ದನ್ನು ಕಂಡೆ. ಆ ಊರಿನ ಶಿಲ್ಪವನದಲ್ಲಿ ಸಿಮೆಂಟಿನ ಎತ್ತು, ಸಿಮೆಂಟಿನ ರೈತ, ಸಿಮೆಂಟಿನ ಸಂತೆ ಎಲ್ಲ ಇರುವುದರಿಂದ, ಶಿಲ್ಪಿಗಳು ಈ ಸಲ ಸ್ವಲ್ಪ ಕೈ ಬಿಚ್ಚಿದ್ದಾರೆ ಎಂದುಕೊಂಡೆ. ಬಸ್ಸು ಹೋಗುತ್ತಲೇ ಇತ್ತು, ಆ ಬಿಳುಪು ಮುಗಿಯುತ್ತಲೇ ಇರಲಿಲ್ಲ. ಅದರ ಕೆಳಗೆ ಚಕ್ರಗಳು ಕಂಡಾಗ ಗೊತ್ತಾಯಿತು. ಇದು ನಮ್ಮ ಅಂಗಳಕ್ಕೆ ಬರಲಿರುವ ಅತಿಥಿ.

ಅತಿಥಿ ಬಂದದ್ದು ತುಳಸಿ ಮದುವೆಯ ದಿನ, ಹಗಲು ಹೊತ್ತಿನಲ್ಲೇ.

ನಮ್ಮಲ್ಲಿ ಆ ದಿನ ತುಳಸಿ ಕಟ್ಟೆಯ ನಾಲ್ಕು ಮೂಲೆಗೆ ನಾಲ್ಕು ಕಬ್ಬು ನೆಟ್ಟು, ತುದಿಗಳನ್ನು ಒಂದುಗೂಡಿಸಿ ಗಂಟು ಹಾಕಿ ಮಂಟಪ ಮಾಡುತ್ತಾರೆ. ಸಂಜೆ ದನ ಮನೆಗೆ ಬರುವ ಹೊತ್ತಿಗೆ ಮದುವೆ. ಕಬ್ಬು ಮಾಸೂರಿನ ಮದಗದ ಕೆರೆಯ ನೀರುಂಡವು. ಎಮ್ಮೆಯ ಮಾಲೀಕನಾದ ಎದುರುಮನೆಯ ರೈತನೇ ತಂದುಕೊಡುವ ಪದ್ಧತಿ. ಆ ವರ್ಷದ ಕಬ್ಬು ನಮ್ಮ ಮಾಳಿಗೆಯನ್ನು ಮುಟ್ಟುವಷ್ಟು ಬೆಳೆದಿದ್ದವು. ಮಣ್ಣು ತುಂಬಿದ ಡಬ್ಬಿಗಳಲ್ಲಿ ಅವನ್ನು ನಿಲ್ಲಿಸಿ ಅಕ್ಕ ಬೆಳಿಗ್ಗೆಯೇ ಗಂಟು ಹಾಕಿದ್ದಳು.

ಲಾರಿ ಮೂಲೆಗೆ ಬಂದು ನಿಂತಿತು. ಸೂಪರ್‌ವೈಸರ್ ಒಳಗೆ ಬಂದವನು ಕಬ್ಬಿನ ತುದಿಯವರೆಗೆ ಕತ್ತೆತ್ತಿ ಹಾಗೇ ನಿಂತ.

“ಅವ್ವಾರ, ಇದು ಆವತ್ತ ಇರ್ಲಿಲ್ಲಲ್ರಿ!”

“ಆವತ್ತ ಭಾದ್ರಪದ ಇತ್ತು. ಕಾರ್ತೀಕದಾಗ ಕಬ್ಬು ಇರ್ಲಾರದ ಮತ್ತೇನ್ ಇರ್ತದ?”

“ಏನೂ ಬದಲಾಗೂದಿಲ್ಲ ಅಂದಿದ್ರಿ.”

“ಎಲ್ಲಿ ಬದಲಾಗ್ಯದ? ಪ್ರತಿ ವರ್ಷ ಇದ ಜಾಗಾ, ಇದ ಮಂಟಪ.”

ವಕೀಲನಾಗಿ ಹೇಳುತ್ತೇನೆ, ಈ ವಾದದಲ್ಲಿ ಒಂದು ಬಿರುಕೂ ಇರಲಿಲ್ಲ.

ಅವನ ಕಷ್ಟವೂ ಸಣ್ಣದಲ್ಲ. ಕತ್ತಲಾದ ಮೇಲೆ ಅಂಥ ಲಾರಿ ಕದಲುವಂತಿಲ್ಲ. ಜೊತೆಗೆ ಬಂದ ಪೊಲೀಸರು ಹೊರಟುಬಿಡುತ್ತಾರೆ. ಇದ್ದೊಂದು ಬೀದಿಗೆ ರೆಕ್ಕೆ ಬಿರಡೆಯಂತೆ ಕೂತಿತ್ತು. ಅದರ ಹಿಂದೆ ಸಿಕ್ಕಿಕೊಂಡಿದ್ದ ಹಿರೇಕೆರೂರು ಬಸ್ಸಿನ ಕಂಡಕ್ಟರ್ ಟಿಕೆಟ್ ಚೀಲದ ಸಮೇತ ಒಳಗೆ ಬಂದ.

“ಅವ್ವಾರ, ಬಸ್ಸಿನಾಗ ಮಂದಿ ಕುದ್ಯಾಕತ್ತಾರ್ರಿ. ಸಂಜಿ ಮದುವಿ ಈಗ ಮುಗಿಸಿಬಿಡ್ರಲಾ.”

“ನಿನ್ನ ಮದುವಿ ಮುಹೂರ್ತ ಬಸ್ಸಿನ ಟೈಮ್ ನೋಡಿ ಇಟ್ಟಿದ್ರೇನು?”

“ಹೌದ್ರಿ. ಅದಕ್ಕ ಇನ್ನೂ ಆಗವಲ್ದು.”

ಎದುರುಮನೆಯ ರೈತ ನಕ್ಕು, ನಂತರ ಗಂಭೀರನಾಗಿ, “ಬಿಚ್ಚಿ ಮತ್ತ ಕಟ್ಟೂಣೇನ್ರಿ?” ಎಂದ.

ಅಕ್ಕನ ಮುಖ ಬಿಗಿಯಿತು. “ಹಾಕಿದ ಗಂಟು ಮದುವಿ ಆಗೂತನಕ ಬಿಚ್ಚಬಾರದು. ನಮ್ಮವ್ವ ಒಮ್ಮೆನೂ ಬಿಚ್ಚಿಲ್ಲ.”

ನಮ್ಮ ಅವ್ವ ಹೋಗುವ ಮುಂಚೆ ಮನೆ, ಹೊಲ, ಚಿನ್ನದ ವಿಚಾರ ಏನೂ ಹೇಳಿರಲಿಲ್ಲ. ಹಾಸಿಗೆಯಲ್ಲೇ ಅಕ್ಕನ ಕೈಗೆ ನಾಲ್ಕು ಜೋಳದ ದಂಟು ಕೊಟ್ಟು ಈ ಗಂಟು ಹಾಕುವುದನ್ನು ಕಲಿಸಿದ್ದಳು. ಅದು ನನಗೂ ಗೊತ್ತಿತ್ತು. ಆದ್ದರಿಂದ ಕಾನೂನು ತಿಳಿದವನ ಮುಖ ಮಾಡಿಕೊಂಡು ಸುಮ್ಮನೆ ನಿಂತಿದ್ದೆ.

ಅಕ್ಕ ಮಂಟಪವನ್ನು ಒಂದು ಸುತ್ತು ಬಂದಳು. ಗೋಡೆಯಾಚೆ ಕಾಣುತ್ತಿದ್ದ ಬಿಳಿ ಬೆನ್ನನ್ನು ನೋಡಿದಳು. ಮತ್ತೆ ಗಂಟನ್ನು ನೋಡಿದಳು.

“ಬಿಚ್ಚೂದು ಬ್ಯಾಡ. ಕುಂದ್ರಸ್ರಿ.”

“ಯಾರನ್ನ್ರಿ?” ಎಂದ ರೈತ.

“ಮಂಟಪಾನ! ಡಬ್ಬಿಯಿಂದ ಕಬ್ಬು ಎತ್ತಿ ಬುಡಾ ನಾಕೂ ಕಡೆ ಹಿಂದ ಎಳೀರಿ. ಕಾಲು ಅಗಲಾದ್ರ ತಲಿ ಕೆಳಗ ಬರ್ತದ. ಗಂಟು ಹಂಗ ಇರ್ತದ. ಮದುವಿ ಮನ್ಯಾಗ ಯಾರರ ಬಂದ್ರ ಎಲ್ಲಾರೂ ಸರದು ಕೂಡೂದಿಲ್ಲೇನು?”

ಹೀಗೆ ನ್ಯಾಯ ತೀರ್ಮಾನವಾಯಿತು. ಒಂದೊಂದು ಕಬ್ಬಿನ ಬುಡಕ್ಕೆ ಒಬ್ಬೊಬ್ಬರು: ಸೂಪರ್‌ವೈಸರ್, ಕಂಡಕ್ಟರ್, ರೈತ ಮತ್ತು ನಾನು. ಎಳೆಯುತ್ತ ಹಿಂದೆ ಸರಿದೆವು. ಮಂಟಪ ಮಂಡಿ ಹಿಡಿದುಕೊಂಡು ಕೂರುವ ಮುತ್ತೈದೆಯಂತೆ ನಿಧಾನವಾಗಿ ತಗ್ಗುತ್ತ, ಗಂಟು ತುಳಸಿಯ ತಲೆಯ ಮೇಲೆ ಬಂದು ನಿಂತಿತು. “ಸಾಕು!” ಎಂದಳು ಅಕ್ಕ. ನಾವು ಅಲ್ಲಲ್ಲೇ ಕುಕ್ಕರಗಾಲಿನಲ್ಲಿ ಕುಳಿತೆವು. ಸೂಪರ್‌ವೈಸರ್ ಸೀಟಿ ಊದಿದ.

ಮೊದಲು ನೆರಳು ಬಂತು. ರಂಗೋಲಿ, ತುಳಸಿ, ನನ್ನ ಕೈ, ಒಂದೊಂದಾಗಿ ಬಿಸಿಲಿನಿಂದ ಹೊರಗಾದವು. ಆಮೇಲೆ ಅದು ಬಂತು. ಎಂಜಿನ್ನಿನ ಗುಡುಗು ಬೀದಿಯ ಆ ತುದಿಯಲ್ಲೆಲ್ಲೋ ಇತ್ತು. ನಮ್ಮ ತಲೆಯ ಮೇಲೆ ಸದ್ದೇ ಇಲ್ಲದೆ ಒಂದು ಬಿಳಿಯ ಹೊಟ್ಟೆ ಸಾಗುತ್ತಿತ್ತು. ಅದರಲ್ಲಿ ಮೊಳೆಯಿಲ್ಲ, ಮೂಲೆಯಿಲ್ಲ, ಬೆಸುಗೆಯಿಲ್ಲ. ಮನುಷ್ಯ ಮಾಡಿದ್ದರಲ್ಲಿ ಎಲ್ಲಾದರೂ ಒಂದು ಕಡೆ ಅವನ ಕೈ ತಡವರಿಸಿದ ಗುರುತು ಇರುತ್ತದೆ. ಇದರಲ್ಲಿ ಹುಡುಕಿದರೂ ಸಿಗಲಿಲ್ಲ. ಗಾಳಿಯೇ ಪಕ್ಕದಲ್ಲಿ ನಿಂತು ತನ್ನ ಅಳತೆಗೆ ಮಾಡಿಸಿಕೊಂಡ ಅಂಗಿಯಂತಿತ್ತು. ಕೈ ಎತ್ತಿದ್ದರೆ ಮುಟ್ಟಬಹುದಿತ್ತು. ಯಾರೂ ಎತ್ತಲಿಲ್ಲ. ಅಷ್ಟು ಹೊತ್ತೂ ಗೊಣಗುತ್ತಿದ್ದ ಕಂಡಕ್ಟರ್ ತಲೆಯ ಟೊಪ್ಪಿಗೆ ತೆಗೆದಿದ್ದ.

ಗೋಡೆಯ ಬಳಿ ಹೆಂಗಸರು ಸಂಜೆಯ ಅಕ್ಷತೆ ಕಲಸುತ್ತ ಕುಳಿತಿದ್ದರು. ತಲೆಯ ಮೇಲೆ ಅಷ್ಟು ದೊಡ್ಡದೊಂದು ಹೋಗುವಾಗ ಕೈಯಲ್ಲಿ ಅಕ್ಷತೆ ಇಟ್ಟುಕೊಂಡು ಸುಮ್ಮನಿರುವುದು ನಮ್ಮ ಕಡೆಯ ಹೆಂಗಸರಿಂದಾಗದ ಕೆಲಸ. ಒಬ್ಬಳು ಎರಚಿದಳು, ಎಲ್ಲರೂ ಎರಚಿದರು. ಕಾಳು ಆ ನುಣುಪಿನ ಮೇಲೆ ನಿಲ್ಲದೆ ಜಾರಿ ನಮ್ಮ ನೆತ್ತಿಗೆ ಬಿದ್ದವು. ಅಕ್ಕ ಕೈ ಜೋಡಿಸಿ ನಿಂತಿದ್ದಳು. ತುಟಿ ಅಲುಗುತ್ತಿತ್ತು. ಏನು ಹೇಳುತ್ತಿದ್ದಾಳೆಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ತುದಿ ಗೋಡೆ ದಾಟಿತು. ಬಿಸಿಲು ವಾಪಸು ಬಂತು. ಗಂಟು ಇದ್ದಂತೆಯೇ ಇತ್ತು. ಕಬ್ಬು ಡಬ್ಬಿಗೆ ಮರಳಿದವು. ಸಂಜೆ ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಊರಿನ ಕರೆಂಟು ಹೋಯಿತು.

ಉಳಿದೆರಡು ರೆಕ್ಕೆ ಮಂಟಪ ಬಿಚ್ಚಿದ ಮೇಲೆ ಬಂದು ದಾಟಿಹೋದವು. ಮುಂದೆ ಆಷಾಢದಲ್ಲಿ ಸೂಪರ್‌ವೈಸರ್ ಜೀಪು ತಂದು ನಮ್ಮಿಬ್ಬರನ್ನು ಗುಡ್ಡಕ್ಕೆ ಕರೆದೊಯ್ದ. ಬೀದಿಯನ್ನೆಲ್ಲ ತುಂಬಿದ್ದ ರೆಕ್ಕೆ ಅಲ್ಲಿ ಮುಗಿಲಿನ ಎದುರು ಬೆರಳಿನಷ್ಟಾಗಿತ್ತು. ಪ್ರತಿಯೊಂದು ರೆಕ್ಕೆ ಇಳಿದು ಬರುವಾಗಲೂ ಯಾರೋ ದೊಡ್ಡವರು ದೀರ್ಘವಾಗಿ ಉಸಿರು ಬಿಟ್ಟ ಸದ್ದು.

“ತುಳಸಿ ಮದುವಿ ದಿನ ನಮ್ಮ ಅಂಗಳಕ್ಕ ಬಂದದ್ದು ಯಾವುದಪಾ?” ಅಕ್ಕ ಕೇಳಿದಳು.

“ಮೂರೂ ಒಂದ ನಮೂನಿ ಅದಾವ್ರಿ. ಹೆಂಗ ಹೇಳ್ಲಿ?”

“ಈಗ ತಲಿ ಬಗ್ಗಿಸಿ ಬರಾಕತ್ತದಲಾ, ಅದ.” ಮುಂದಿನದೂ ಹಾಗೆಯೇ ತಲೆ ಬಗ್ಗಿಸಿ ಬಂತು. ಅವಳು ಸ್ವಲ್ಪ ಹೊತ್ತು ನೋಡಿ, “ಇದೂ ನಮ್ಮದ ಇರಬೇಕು,” ಎಂದಳು.

ಕಟ್ಟಿಗೆ ಉರಿದರೆ ಬೂದಿ ಉಳಿಯುತ್ತದೆ, ಕಲ್ಲಿದ್ದಲಿನದೂ ಅದೇ ಹಣೆಬರಹ. ಈ ಒಲೆಯ ಉರುವಲು ಮಾತ್ರ ಬೂದಿಯಾಗದೆ, ರೆಕ್ಕೆ ತಿರುಗಿಸಿ, ಅಕ್ಕನ ಸೆರಗು ಎಳೆದು, ಸವಣೂರಿನ ವೀಳ್ಯದೆಲೆ ತೋಟಗಳ ಕಡೆ ಹೊರಟುಹೋಗುತ್ತಿತ್ತು. ಹಿಂದಿನಿಂದ ಇನ್ನಷ್ಟು ಬರುತ್ತಿತ್ತು. ಆಯುಷ್ಯವೆಲ್ಲ ಯಾರ ಹೆಸರು ಹೇಳಿ ತುತ್ತು ನುಂಗಿದ್ದೆನೋ ಅವನ ಪರಿಚಯ ನನಗಾದದ್ದು ಅಂದೇ.

ಆ ವರ್ಷವೂ ಭಾದ್ರಪದದಲ್ಲಿ ಸೂಪರ್‌ವೈಸರ್ ಬಂದ. ಇನ್ನೊಂದು ಯಂತ್ರ ಬರಲಿದೆಯಂತೆ. ಗೋಡೆ ಅಳೆದ, ತುಳಸಿ ಕಟ್ಟೆ ಅಳೆದ.

“ಅವ್ವಾರ, ಏನರ ಬದಲಾಗೂದೈತೇನ್ರಿ?”

“ಏನೂ ಇಲ್ಲಪಾ.”

ಅವನು ತಲೆಯಾಡಿಸಿದ. ಏಣಿ ಕೇಳಿದ. ಏಣಿ ಹತ್ತಿ, ತುಳಸಿಯ ಮೇಲೆ ಏನೂ ಇಲ್ಲದ ಜಾಗದಲ್ಲಿ ಮಾಳಿಗೆಯ ಎತ್ತರಕ್ಕೆ ಟೇಪು ಹಿಡಿದು, ಅದನ್ನೂ ಅಳೆದ. ಅಕ್ಕ ಕೆಳಗೆ ನಿಂತು, “ಇನ್ನೂ ಒಂದು ಗೇಣು ಮ್ಯಾಲ ಹಿಡೀಪಾ, ಈ ವರ್ಷ ಕಬ್ಬು ಛಲೋ ಬಂದಾವಂತ,” ಎಂದಳು. ಟೇಪು ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿತ್ತು.